ನಾಯಿಗೆ ಬನ್ನು, ನನಗೆ ಬೆಂಚು

ಕಳೆದ ತಿಂಗಳು ಒಂದೇ ವಾರದಲ್ಲಿ ಎರಡು ಹೋಟೆಲ್ಲಿನ, ಒಂದು ಪಾರ್ಕಿನ ಬಾಗಿಲಲ್ಲಿ ನನ್ನನ್ನು ತಡೆದು ನಿಲ್ಲಿಸಿದರು. ಬೈಯಲಿಲ್ಲ, ಗದರಿಸಲಿಲ್ಲ. "ನೀವು ಬರ್ರಿ ಮೇಡಂ, ನಾಯಿ ಬ್ಯಾಡ್ರಿ" ಎಂದರು, ಅಷ್ಟೇ.

ನಾಯಿಯನ್ನು ಕಟ್ಟಿಕೊಂಡು ಯಾರಾದರೂ ಹೋಟೆಲ್ಲಿಗೆ ಹೋಗುತ್ತಾರೆಯೇ? ದೊಡ್ಡ ಊರುಗಳಲ್ಲಿ ಹೋಗುತ್ತಾರಂತೆ. ಅಲ್ಲಿ ನಾಯಿಗೇ ಬೇರೆ ಮೆನು ಕಾರ್ಡ್ ಇರುತ್ತದಂತೆ. ಒಂಬತ್ತನೇ ಕ್ಲಾಸಿನ ನನ್ನ ಮಗಳು ಫೋನಿನಲ್ಲಿ 'ಪೆಟ್ ಫ್ರೆಂಡ್ಲಿ' ಎಂದು ಹುಡುಕಿದಳು. ಹಗರಿಬೊಮ್ಮನಹಳ್ಳಿಯ ನಮ್ಮ ಬಡಾವಣೆಯಲ್ಲಿ ಕೂತು ಹುಡುಕಿದರೆ ಫೋನು ಬೆಂಗಳೂರು ತೋರಿಸಿತು. "ಇರೋದ್ರಲ್ಲಿ ಇದೇ ಹತ್ರ, ಮಮ್ಮಿ" ಎಂದಳು. ನಾಯಿಗೆ ಒಂದು ಬನ್ನು ತಿನ್ನಿಸಲು ಬೆಂಗಳೂರು ಬಸ್ಸು ಹತ್ತಬೇಕೆ?

ನಗಬೇಡಿ. ಆಗ ನನಗೆ ನಗು ಬರುತ್ತಿರಲಿಲ್ಲ. ನಮ್ಮ ಮೇಸ್ತ್ರಿ ಅನ್ನ ಮುಟ್ಟಿ ನಾಲ್ಕು ದಿನವಾಗಿತ್ತು.

ಮೇಸ್ತ್ರಿ ಎಂದರೆ ನಮ್ಮ ನಾಯಿ. ಹತ್ತು ವರ್ಷದ ಹಿಂದೆ ಈ ಮನೆ ಕಟ್ಟುವಾಗ ಎಲ್ಲಿಂದಲೋ ಬಂದು ಮರಳಿನ ರಾಶಿಯ ಮೇಲೆ ಮಲಗಿದ್ದ ಮರಿ. ಗೋಡೆಗಳಿಗೆ ನೀರು ಹೊಡೆಯಲು ದಿನವೂ ಬರುತ್ತಿದ್ದ ನಮ್ಮ ಮಾವನವರು ತಮ್ಮ ಬುತ್ತಿಯ ರೊಟ್ಟಿಯಲ್ಲಿ ಅರ್ಧ ಮುರಿದು ಅದಕ್ಕಿಡುತ್ತಿದ್ದರು. ಅವರು ಒಂದು ತುತ್ತು, ಅದು ಒಂದು ತುತ್ತು. ಊಟವಾದ ಮೇಲೆ ಅದು ಗೋಡೆಯಿಂದ ಗೋಡೆಗೆ ಸುತ್ತಿ, ಪ್ರತಿ ಮೂಲೆಯನ್ನೂ ಮೂಸಿ ನೋಡುತ್ತಿತ್ತು. ಗಾರೆಯವರೇ ಇಟ್ಟ ಹೆಸರು ಅದು. (ನಿಜವಾದ ಮೇಸ್ತ್ರಿ ಒಂದು ವಾರ ಮುನಿಸಿಕೊಂಡಿದ್ದರು.)

ಮಾವನವರಿಗೆ ದಾವಣಗೆರೆಯಲ್ಲಿ ಮೊಣಕಾಲಿನ ಆಪರೇಷನ್ ಆಯಿತು. ಒಂದು ತಿಂಗಳು ಅಲ್ಲೇ ಮಗಳ ಮನೆಯಲ್ಲಿರಬೇಕಾಯಿತು. ಅವರು ಅತ್ತ ಕಾರು ಹತ್ತಿದರು, ಇತ್ತ ಮೇಸ್ತ್ರಿ ಮನೆಯ ಗೇಟಿನ ಹತ್ತಿರ ಮಲಗಿತು. ಹಾಲು ರೊಟ್ಟಿ ಇಟ್ಟೆ. ಮಜ್ಜಿಗೆ ಅನ್ನ ಇಟ್ಟೆ. ಕೊನೆಗೆ ತುಪ್ಪ ಸವರಿದ ಚಪಾತಿಯನ್ನೂ ಇಟ್ಟೆ. ಮೂಸುತ್ತದೆ, ನನ್ನ ಮುಖ ನೋಡುತ್ತದೆ, ತಲೆ ತಿರುಗಿಸುತ್ತದೆ. ಸಂಜೆ ನಾಲ್ಕಾದರೆ ಮಾತ್ರ ಎದ್ದು ಗೇಟು ಕೆರೆಯುತ್ತದೆ. ನಾಲ್ಕನೇ ದಿನ ಎದ್ದಾಗ ಹಿಂಗಾಲುಗಳು ನಡುಗುತ್ತಿದ್ದವು.

ಪಶು ಆಸ್ಪತ್ರೆಯ ಡಾಕ್ಟರು ಹೊಟ್ಟೆ ಒತ್ತಿ, ಕಣ್ಣು ಬಿಡಿಸಿ ನೋಡಿದರು. "ಜ್ವರ ಇಲ್ಲ, ಏನಿಲ್ಲ. ಇದರ ಮನಸು ಸರಿ ಇಲ್ರಿ. ಇನ್ನೆರಡು ದಿನದಾಗ ತಿನ್ಲಿಲ್ಲಂದ್ರ ಸಲೈನ್ ಹಚ್ಚಬೇಕಾಗ್ತೈತಿ. ವಯಸ್ಸಾದ ನಾಯಿ, ಆಮ್ಯಾಲೆ ನಾ ಗ್ಯಾರಂಟಿ ಹೇಳಂಗಿಲ್ಲ."

ಮಾವನವರಿಗೆ ಫೋನ್ ಮಾಡಿದೆ.

"ನಾನಿಲ್ದ ಅದು ಮನ್ಯಾಗ ಯಾವತ್ತು ತಿಂದೈತವ್ವಾ?" ಎಂದರು. "ನಾಲ್ಕಕ್ಕ ರೈಲ್ವೆ ಗೇಟಿನ ಹತ್ರ ಈರಣ್ಣನ ಹೋಟ್ಲಿಗೆ ಒಯ್ಯಿ. ಬನ್ನು ಕೊಡಿಸು, ಎರಡಾದ್ರೂ ತಿಂತೈತಿ."

"ಅಷ್ಟೇನ ಮಾವಾರ?"

"ಅಷ್ಟ. ಹೊರಗ ಬೆಂಚಿನ ಮ್ಯಾಲೆ ಕುಂದ್ರು. ನೀನೂ ಏನರ ತಿನ್ನು. ನೀ ತಿನ್ನೂತನ ಅದು ಬಾಯಿ ಹಚ್ಚಂಗಿಲ್ಲ."

ಎಷ್ಟು ಸುಲಭ, ಅಲ್ಲವೇ? ಒಂದು ಬನ್ನು, ಒಂದು ಬೆಂಚು.

ಆ ಬೆಂಚು ನನಗೆ ಗೊತ್ತು. ರೈಲ್ವೆ ಗೇಟಿನ ಪಕ್ಕ, ಬಾಣಲೆಯ ಎದುರಿಗೇ ಇದೆ. ಒಂದು ಕಾಲಿಗೆ ಇಟ್ಟಿಗೆಯ ಆಸರೆ. ಅದರ ಮೇಲೆ ಸದಾ ನಾಲ್ಕೈದು ಗಂಡಸರು, ಒಂದೇ ಪೇಪರಿನ ಬೇರೆ ಬೇರೆ ಹಾಳೆ ಹಿಡಿದು ಕೂತಿರುತ್ತಾರೆ. ಹದಿನಾರು ವರ್ಷದಿಂದ ಆ ದಾರಿಯಲ್ಲಿ ಓಡಾಡಿದ್ದೇನೆ. ಅಲ್ಲಿ ಒಬ್ಬ ಹೆಂಗಸು ಕೂತದ್ದು ನೋಡಿಲ್ಲ. ನಾನೂ ಪಾರ್ಸೆಲ್ ಬೇಕಾದರೆ ಸ್ಕೂಟಿಯಿಂದ ಇಳಿಯದೆಯೇ ತೆಗೆದುಕೊಂಡು ಬಂದವಳು. ಬಳ್ಳಾರಿಯ ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಕರ್ಚೀಫನ್ನು ತ್ರಿಕೋನವಾಗಿ ಮಡಚುವುದು, ಬಾಯಿ ಮುಚ್ಚಿ ಅಗಿಯುವುದು, ರಸ್ತೆಯಲ್ಲಿ ತಿನ್ನದೇ ಇರುವುದು ಈ ಮೂರನ್ನು ಚೆನ್ನಾಗಿ ಕಲಿಸಿದ್ದರು. ಟ್ರಿಗನಾಮೆಟ್ರಿ ಮರೆತಿದೆ. ಇದು ಮರೆತಿಲ್ಲ.

ಹೇಳಲು ನಾಚಿಕೆಯಾಗುತ್ತದೆ. ನಾಯಿ ಹಸಿದಿದೆ, ಮದ್ದು ಗೊತ್ತಾಗಿದೆ, ಆದರೂ ನಾನು ಬೇರೆ ಜಾಗ ಹುಡುಕಲು ಹೊರಟೆ. ಬೆಂಚೊಂದು ಬಿಟ್ಟು ಬೇರೆ ಎಲ್ಲಾದರೂ ಸರಿ ಎಂದು.

ಮೇಸ್ತ್ರಿಯನ್ನು ಸ್ಕೂಟಿಯಲ್ಲಿ ಕಾಲಿಡುವ ಜಾಗದಲ್ಲಿ ಕೂರಿಸಿಕೊಂಡು ಮೊದಲು ಕೊಟ್ಟೂರು ರಸ್ತೆಯ ಗಾರ್ಡನ್ ರೆಸ್ಟೋರೆಂಟಿಗೆ ಹೋದೆ. ಹೆಸರೇ ಗಾರ್ಡನ್. ಹುಲ್ಲಿನ ಮೇಲೆ ಕುರ್ಚಿ, ಮೇಲೆ ಬಣ್ಣದ ಛತ್ರಿ. ಇಲ್ಲಿ ನಾಯಿಗೆ ಏನು ತೊಂದರೆ? ಮ್ಯಾನೇಜರ್ ಓಡಿಬಂದರು. "ಮೇಡಂ, ಹುಲ್ಲು ಒರಿಜಿನಲ್ ಅಲ್ರಿ, ಉಗುರು ತಾಗಿದ್ರ ಕಿತ್ ಬರ್ತೈತಿ." ಮುಟ್ಟಿ ನೋಡಿದೆ. ಹೌದು, ಪ್ಲಾಸ್ಟಿಕ್.

ಬಡಾವಣೆಯ ಪಾರ್ಕಿಗೆ ಪಾರ್ಸೆಲ್ ತೆಗೆದುಕೊಂಡು ಹೋದೆ. ವಾಚ್‌ಮನ್ ಮಾತಾಡದೆ ಬೋರ್ಡ್ ತೋರಿಸಿದ. (ಬೋರ್ಡಿನ ಕೆಳಗೇ ಎರಡು ಬೀದಿನಾಯಿಗಳು ಮಲಗಿದ್ದವು. ಅವುಗಳಿಗೆ ಸ್ಕೂಟಿಯಲ್ಲಿ ಕರೆತರುವ ಮಾಲೀಕರಿಲ್ಲ, ಹಾಗಾಗಿ ನಿಯಮವೂ ಇಲ್ಲ.)

ಬಸ್ ಸ್ಟ್ಯಾಂಡಿನ ಹತ್ತಿರದ ಖಾನಾವಳಿಯ ಅಮ್ಮ ಒಳ್ಳೆಯವರು. "ಪಾಪ, ಹೊರಗ ರೊಟ್ಟಿ ಹಾಕ್ತೀನ್ರಿ. ನೀವು ಒಳಗ ಬರ್ರಿ, ಬಿಸಿಲಾಗ ಯಾಕ ನಿಂತೀರಿ" ಎಂದರು. ನಾನು ಒಳಗೆ, ಮೇಸ್ತ್ರಿ ಹೊರಗೆ. ನನ್ನ ಪಲ್ಯ ಮುಗಿಯಿತು, ಅದರ ರೊಟ್ಟಿ ಹಾಗೇ ಇತ್ತು. ಕಾಗೆ ಬಂದು ಒಯ್ದಿತು. ಮೇಸ್ತ್ರಿ ಅದನ್ನೂ ತಲೆ ಎತ್ತಿ ನೋಡಲಿಲ್ಲ.

ಐದನೇ ದಿನ ನಾಲ್ಕಕ್ಕೆ ಈರಣ್ಣನ ಹೋಟೆಲ್ಲಿನ ಮುಂದೆ ಸ್ಕೂಟಿ ನಿಲ್ಲಿಸಿ, ಇಳಿದೆ.

"ಓಹೋ, ಮೇಸ್ತ್ರಿ ಬಂದಾನ!" ಈರಣ್ಣ ಬಾಣಲೆ ಬಿಟ್ಟು ಎದ್ದು ಬಂದ. ನಾಯಿ ಐದು ದಿನಗಳಲ್ಲಿ ಮೊದಲ ಸಲ ಬಾಲ ಆಡಿಸಿತು. ನನ್ನನ್ನು ನೋಡಿದ ಕೂಡಲೇ ಈರಣ್ಣನ ದನಿ ತಗ್ಗಿತು. "ಅಕ್ಕಾರ, ನೀವು ಒಳಗ ಫ್ಯಾಮಿಲಿ ರೂಮಿಗೆ ಬರ್ರಿ."

ಫ್ಯಾಮಿಲಿ ರೂಮ್ ಎಂದರೆ ಕೈತೊಳೆಯುವ ಬೇಸಿನ್ ಪಕ್ಕ ಒಂದು ಮೇಜು, ಅದಕ್ಕೊಂದು ಪರದೆ. ಪರದೆಯ ಅಂಚಿನಲ್ಲಿ ಎಷ್ಟೋ ಜನ ಕೈ ಒರೆಸಿದ ಅರಿಶಿನದ ಗುರುತು. ಫ್ಯಾನಿನ ಸ್ವಿಚ್ ಇದೆ, ಫ್ಯಾನ್ ಇಲ್ಲ. ನಾನೊಬ್ಬಳೇ ಒಂದು ಫ್ಯಾಮಿಲಿಯಾಗಿ ಕೂತೆ. ಹೊರಗೆ ಮೇಸ್ತ್ರಿಗೆ ಬನ್ನು ಹಾಕಿದ ಸದ್ದು ಕೇಳಿತು. ಆಮೇಲೆ ಸದ್ದಿಲ್ಲ. ಪರದೆ ಸರಿಸಿ ಇಣುಕಿದೆ. ಬನ್ನು ನೆಲದ ಮೇಲಿತ್ತು. ನಾಯಿ ಬೆಂಚಿನ ಖಾಲಿ ತುದಿಯನ್ನು ನೋಡುತ್ತಿತ್ತು.

ಈರಣ್ಣ ಎಣ್ಣೆ ಸೋರುವ ಜಾರಾ ಹಿಡಿದುಕೊಂಡೇ ನನ್ನತ್ತ ನೋಡಿದ. "ಅಕ್ಕಾರ, ತಪ್ಪು ತಿಳೀಬ್ಯಾಡ್ರಿ. ಅಜ್ಜಾರು ಅಲ್ಲೇ ಕುಂದರ್ತಿದ್ರು. ಅದಕ್ಕ ತಿನ್ನೋರ ಬಾಯಿ ಕಾಣಬೇಕ್ರಿ."

ಎದ್ದೆ. ಸೆರಗು ಸರಿ ಮಾಡಿಕೊಂಡೆ. ಮತ್ತೊಮ್ಮೆ ಸರಿ ಮಾಡಿಕೊಂಡೆ. ಹೊರಗೆ ಬಂದು ಬೆಂಚಿನ ತುದಿಯಲ್ಲಿ ಕೂತೆ.

ಬೆಂಚಿನ ಮೇಲಿದ್ದ ನಾಲ್ವರೂ ಒಟ್ಟಿಗೆ ಎದ್ದು ನಿಂತರು! ರಾಷ್ಟ್ರಗೀತೆ ಶುರುವಾದಂತೆ. ಇಟ್ಟಿಗೆ ಇಲ್ಲದ ತುದಿಯಲ್ಲಿ ನಾನೊಬ್ಬಳೇ ಉಳಿದೆ, ಬೆಂಚು ಒಮ್ಮೆ ವಾಲಿತು. "ಕುಂದರ್ರಿ, ಕುಂದರ್ರಿ" ಎಂದೆ. ಯಾರೂ ಕೂರಲಿಲ್ಲ. ಈರಣ್ಣ ಪೇಪರಿನ ಚೂರಿನಲ್ಲಿ ವಗ್ಗರಣಿ ಮಂಡಕ್ಕಿ, ಮೇಲೆ ಒಂದು ಮಿರ್ಚಿ ಬಜ್ಜಿ ಇಟ್ಟು ಕೊಟ್ಟ. ಮೇಸ್ತ್ರಿ ನನ್ನ ಬಾಯಿಯನ್ನೇ ನೋಡುತ್ತಿತ್ತು. ಗೇಟು ಹಾಕಿದ್ದರು. ಎದುರಿಗೆ ಸಾಲುಸಾಲು ಬೈಕು, ಟಂಟಂ ಆಟೋ, ಬಸ್ಸು. ಇಡೀ ತಾಲ್ಲೂಕು ಅಲ್ಲೇ ನಿಂತು ನನ್ನನ್ನು ನೋಡುತ್ತಿದೆ ಎನಿಸಿತು.

ಮಿರ್ಚಿ ಕಚ್ಚಿದೆ.

ಮೇಸ್ತ್ರಿ ತಲೆ ಬಗ್ಗಿಸಿ ಬನ್ನಿಗೆ ಬಾಯಿ ಹಾಕಿತು. ಒಂದು, ಎರಡು, ಮೂರನೆಯದೂ ಮುಗಿಯಿತು. ನನ್ನ ಕಣ್ಣಲ್ಲಿ ನೀರು ಬಂತು. (ಈರಣ್ಣನ ಮಿರ್ಚಿ ಅಷ್ಟು ಖಾರ ಎಂದೇ ಎಲ್ಲರಿಗೂ ಹೇಳಿದ್ದೇನೆ.)

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಏಕೆಂದರೆ ನಾನು ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು.

"ಮೂರು ಜನ ಫೋನ್ ಮಾಡಿದ್ರು" ಎಂದರು ನಮ್ಮವರು. ದನಿಯಲ್ಲಿ ಸಿಟ್ಟಿರಲಿಲ್ಲ, ಗಾಬರಿ ಇತ್ತು. "ನಿಮ್ಮ ಮನಿಯವ್ರು ಗೇಟಿನ ಹತ್ರ ಒಬ್ರ ಕುಂತಾರ, ಅಳಾಕತ್ತಾರ, ಮನ್ಯಾಗ ಏನರ ಜಗಳಾತೇನು ಅಂತ ಕೇಳಿದ್ರು."

"ಮಿರ್ಚಿ ತಿನ್ನಾಕತ್ತಿದ್ದೆರಿ."

"ನಾಯಿ ಸಲುವಾಗಿ ಬಂದೀನಿ ಅಂತ ಹೇಳಬೇಕಿಲ್ಲ?"

"ಹೇಳಿದೆ. ಹೇಳಿದ ಮ್ಯಾಲೇ ಸುಮ್ನಾದ್ರು."

ನಿಜ. ಅರ್ಧ ತಾಸಿನಲ್ಲಿ ಎಷ್ಟು ಜನ ಕೇಳಿದರು! "ಬಸ್ ತಪ್ಪಿತೇನ್ರಿ?" "ಯಜಮಾನ್ರು ಬರ್ತಾರೇನ್ರಿ?" "ಆರಾಮ ಇಲ್ಲೇನವ್ವಾ, ನೀರು ಕೊಡ್ಲೇನು?" ಒಬ್ಬ ಹೆಂಗಸು ಒಂದು ಕಡೆ ಕೂತಿದ್ದಾಳೆಂದರೆ ಬಸ್ಸಿಗೋ ಗಂಡನಿಗೋ ಕಾಯುತ್ತಿರಬೇಕು. ಇಲ್ಲವೇ ತಲೆ ಸುತ್ತಿರಬೇಕು. ಸುಮ್ಮನೆ ಕೂತಿರಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ. ನಾನು ನಾಯಿಯ ಕಡೆ ಕೈ ತೋರಿಸಿದೆ. ತಕ್ಷಣ ಎಲ್ಲರ ಮುಖ ಸಡಿಲವಾಯಿತು. "ಓ, ನಾಯಿಗೇನ್ರಿ!"

ಮರುದಿನವೂ ಹೋದೆ. ಅದರ ಮರುದಿನವೂ. ನಾಲ್ಕನೇ ದಿನ ಗಂಡಸರು ಏಳಲಿಲ್ಲ, ಸ್ವಲ್ಪ ಸರಿದರು. ಐದನೇ ದಿನ ಒಬ್ಬರು ಪೇಪರಿನ ಒಂದು ಹಾಳೆ ಕೊಟ್ಟರು. ವಾರ ಕಳೆಯುವುದರೊಳಗೆ ನನಗೆ ರೈಲು ಬರುವ ಮೊದಲು ಗೇಟಿನವನು ಹೇಗೆ ಕೆಮ್ಮುತ್ತಾನೆ ಎಂಬುದೂ ಗೊತ್ತಾಯಿತು. ಗೇಟು ಬಿದ್ದಾಗ ಬಸ್ಸಿನ ಕಿಟಕಿಯಲ್ಲಿ ಕೂತ ಹೆಂಗಸರು ನನ್ನನ್ನು ನೋಡುತ್ತಿದ್ದರು, ನಾನು ಅವರನ್ನು. ಒಬ್ಬಾಕೆ ಕಿಟಕಿಯಿಂದ ಕೈ ಚಾಚಿ ನನ್ನ ಕೈಲಿದ್ದ ಮಂಡಕ್ಕಿ ತೋರಿಸಿ, "ಚಲೋ ಐತೇನ್ರಿ?" ಎಂದಳು. ಉತ್ತರ ಕೊಡುವುದರೊಳಗೆ ಬಸ್ಸು ಹೊರಟಿತು.

ಮೂರೂವರೆಗೇ ಕಾಲು ನಿಲ್ಲುತ್ತಿರಲಿಲ್ಲ. ಮೇಸ್ತ್ರಿಗಿಂತ ಮೊದಲು ನಾನೇ ಮನೆಯ ಗೇಟಿನ ಹತ್ತಿರ ಇರುತ್ತಿದ್ದೆ. ಒಂದು ದಿನ ಅದು ಮಲಗಿಯೇ ಇತ್ತು. "ಏಳೋ ಮಾರಾಯ, ತಡ ಆತು" ಎಂದು ಎಬ್ಬಿಸಿದೆ. ಹಸಿವು ಯಾರಿಗೆ?

ನಮ್ಮ ಬೀದಿಯ ರೇಣುಕಾ, ಅಂಗನವಾಡಿ ಟೀಚರ್, ಒಂದು ಸಂಜೆ ಬೆಂಚಿನ ಮುಂದೆ ನಿಂತಳು. ಬೆಳಗಿನಿಂದ ಮಕ್ಕಳ ಗಲಾಟೆಯಲ್ಲಿದ್ದ ಮುಖ, ಹೆಗಲಲ್ಲಿ ರಿಜಿಸ್ಟರ್ ತುಂಬಿದ ಚೀಲ. "ಬಾ ರೇಣುಕಾ, ಚಾ ಕುಡಿ" ಎಂದೆ. ಆಚೆ ಈಚೆ ನೋಡಿದಳು. ಮನಸ್ಸಿತ್ತು, ಕಾಣುತ್ತಿತ್ತು.

"ಬ್ಯಾಡ್ರಿ ಅಕ್ಕಾರ. ನೀವಾದ್ರ ನಾಯಿ ತಂದೀರಿ." ಆಮೇಲೆ ಬಗ್ಗಿ, ನಗುತ್ತ, ನನಗೆ ಮಾತ್ರ ಕೇಳುವಂತೆ ಹೇಳಿದಳು: "ಒಂದಿನ ನನಗ ಕೊಡ್ರಿ ನಿಮ್ಮ ಮೇಸ್ತ್ರಿನ. ನಾನೂ ಕುಂತು ಬರ್ತೀನಿ."

ಇಬ್ಬರೂ ನಕ್ಕೆವು. ಅವಳು ಹೋದ ಮೇಲೆ ನನಗೆ ಆ ನಗು ಸರಿಬರಲಿಲ್ಲ.

ಹೋದ ವಾರ ಮಾವನವರು ವಾಪಸ್ ಬಂದರು. ಮೇಸ್ತ್ರಿ ಅವರ ಸುತ್ತ ತಿರುಗಿದ್ದು, ಕುಂಯ್ ಕುಂಯ್ ಅಂದದ್ದು, ಹೊಸ ಮೊಣಕಾಲನ್ನು ಅನುಮಾನದಿಂದ ಮೂಸಿದ್ದು ಎಲ್ಲ ಬರೆದರೆ ಅದೇ ಒಂದು ಅಂಕಣವಾದೀತು. ದಿನವೂ ಸ್ವಲ್ಪ ನಡೆಯಿರಿ ಎಂದು ಡಾಕ್ಟರು ಹೇಳಿದ್ದಾರೆ. ಮರುದಿನ ನಾಲ್ಕಕ್ಕೆ ಮಾವನವರು ಕೋಲು ಹಿಡಿದು ಹೊರಟರು. ನಾನು ಆಗಲೇ ತಲೆ ಬಾಚಿ, ಚಪ್ಪಲಿ ಮೆಟ್ಟಿ ನಿಂತಿದ್ದೆ.

"ನೀ ಯಾಕವ್ವಾ ಮತ್ತ?" ಎಂದರು. ಎಷ್ಟು ಅಕ್ಕರೆ ಆ ದನಿಯಲ್ಲಿ! "ಪಾಪ, ತಿಂಗಳಾತು ಆ ಧೂಳಾಗ ಕುಂತು ತ್ರಾಸ ಪಟ್ಟಿ. ಇನ್ನ ಆರಾಮ ಮನ್ಯಾಗ ಇರು."

ತ್ರಾಸವಾಗಲಿಲ್ಲ ಎಂದರೆ ಏನೆಂದು ತಿಳಿಯುತ್ತಾರೆ? ಚಪ್ಪಲಿ ಬಿಟ್ಟೆ. ಮೇಸ್ತ್ರಿ ತಿರುಗಿಯೂ ನೋಡದೆ ಅವರ ಹಿಂದೆ ಹೋಯಿತು. ತಿಂದು ಬಂದಿತು. ಮೈ ಕೈ ತುಂಬಿಕೊಳ್ಳುತ್ತಿದೆ. ನನಗೆ ಸಂತೋಷವೇ, ಸುಳ್ಳು ಹೇಳುತ್ತಿಲ್ಲ.

ಆದರೆ ನಾಲ್ಕರಿಂದ ಐದು. ಮಡಚಿಟ್ಟ ಬಟ್ಟೆಯನ್ನೇ ಮತ್ತೆ ಮಡಚುತ್ತೇನೆ. ಚಹಾ ಮಾಡುತ್ತೇನೆ, ಕುಡಿಯುವುದನ್ನು ಮರೆಯುತ್ತೇನೆ. ರೈಲಿನ ಶಬ್ದ ಇಲ್ಲಿಗೂ ಕೇಳುತ್ತದೆ, ಗೇಟು ಬಿದ್ದಿತು ಎಂದುಕೊಳ್ಳುತ್ತೇನೆ. ಬಾಗಿಲಿಗೆ ಬರುತ್ತೇನೆ, ಒಳಗೆ ಹೋಗುತ್ತೇನೆ. ನಿನ್ನೆ ಸ್ಕೂಟಿಯ ಕೀ ಕೈಯಲ್ಲಿ ಹಿಡಿದು ರಸ್ತೆಯವರೆಗೂ ಹೋದೆ. ಅಲ್ಲಿ ನಿಂತು ಯೋಚಿಸಿದೆ. ಯಾರಾದರೂ ಕೇಳಿದರೆ ಏನು ತೋರಿಸಲಿ? ವಾಪಸ್ ಬಂದೆ.

ನಾಯಿಗೆ ಜಾಗ ಕೊಡುವ ಹೋಟೆಲ್ ನಮ್ಮೂರಿನಲ್ಲಿ ಒಂದಿದೆ, ಬೇಕಾದವರು ಗುರುತು ಹಾಕಿಕೊಳ್ಳಿ: ರೈಲ್ವೆ ಗೇಟಿನ ಪಕ್ಕ, ಹೊರಗಿನ ಬೆಂಚು. ಅಲ್ಲಿ ಕೂತು ಒಂದು ಚಹಾ ಕುಡಿಯಲು ನನಗೆ ಪ್ರತಿ ಸಲ ಒಂದು ನಾಯಿ ಬೇಕೆ?