ಸನಾತಾ ದಾಟಿದ ಹೆಸರು

ಸೆಗು ಪಟ್ಟಣದ ಸುತ್ತಮುತ್ತಲ ದೊಡ್ಡ ಮನೆಗಳಲ್ಲಿ ಸನಾತಾ ದಾಂಬಾ ಬಂದು ಹಾಡದೆ ಯಾವ ಮಗುವಿಗೂ ಹೆಸರಿಡುತ್ತಿರಲಿಲ್ಲ. ಅವಳದು ಜೆಲಿಗಳ ಮನೆತನ. ಸಿರಿವಂತರ ವಂಶವನ್ನು ಬಾಯಿಪಾಠ ಮಾಡಿ ಹಾಡುವುದು, ಅವರು ಕೊಟ್ಟ ಸಜ್ಜೆಯಲ್ಲಿ ಬದುಕುವುದು. ಹಾಡುವಾಗ ಒಂದು ಹೆಸರು ಬಿಟ್ಟರೆ ಮುಖಕ್ಕೆ ಉಗಿದದ್ದಕ್ಕಿಂತ ದೊಡ್ಡ ಅವಮಾನ. ಆ ಮನುಷ್ಯ ಹುಟ್ಟೇ ಇರಲಿಲ್ಲ ಎಂದ ಹಾಗೆ.

ಅವಳಿಗೆ ಹೇಸಿಗೆ ಹುಟ್ಟಿಸುತ್ತಿದ್ದುದು ಒಂದೇ ಹಾಡು, ತಂಗಾರಾ ಮನೆಯದು. ಆ ಮನೆಯ ಯಜಮಾನ ಮೊನ್ಸೋನ್, ಫ್ರೆಂಚರು ಆಳುತ್ತಿದ್ದ ಕಾಲದಲ್ಲಿ ಹತ್ತೂರಿನ ಮುಖಂಡ. ಬಿಳಿಯರು ಕಾಲುವೆ ತೋಡಲು ಆಳು ಕೇಳಿದಾಗ, ಬಡವರ ಮಕ್ಕಳನ್ನು ಹಗ್ಗ ಕಟ್ಟಿ ಕಳಿಸಿದವನು ಅವನೇ. ಹಾಗೆ ಹೋದ ಸನಾತಾಳ ಅಣ್ಣ ಭೇದಿ ಹತ್ತಿ ಅಲ್ಲಿಯ ಕೆಸರಲ್ಲೇ ಸತ್ತ. ಅದೇ ವರ್ಷ ಅವಳ ತಾಯಿ, ಉಳಿದ ಮಕ್ಕಳ ಹೊಟ್ಟೆಪಾಡಿಗೆ, ಮೊನ್ಸೋನನ ಮೇಲೆ ಹಾಡು ಕಟ್ಟಿದಳು: ‘ಸಜ್ಜೆ ಹಂಚಿದ ಕೈ, ಆಳನ್ನೂ ಹಂಚಿತು.’ ಹಿಡಿದು ಕೊಟ್ಟದ್ದು ಹಾಡಿನಲ್ಲಿ ದಾನವಾಯಿತು. ಥೂ, ಎಂಥ ಹೊಲಸನ್ನೂ ತೊಳೆದು ಮಡಿ ಮಾಡಿಬಿಡುತ್ತದೆ ಹಾಡು. ಅದನ್ನು ಹಾಡಿ ಬಂದ ದಿನ ಸನಾತಾಳಿಗೆ ಊಟ ಸೇರುತ್ತಿರಲಿಲ್ಲ.

ಫ್ರೆಂಚರು ಹೋದರು, ಹಾಡು ಉಳಿಯಿತು. ಮೊನ್ಸೋನ್ ಸತ್ತ ಮೇಲೆ ಅವನ ಮಗ ಶಾಕಾ ತನ್ನ ಕೂಸಿಗೆ ಅಪ್ಪನ ಹೆಸರನ್ನೇ ಇಡುವುದಾಗಿ ಹೇಳಿಕಳಿಸಿದ. ಇನ್ನೊಂದು ಮೊನ್ಸೋನ್! ತನ್ನ ಬಾಯಿಂದ ಅದು ಆಗಕೂಡದು ಎಂದು ಸನಾತಾ ಅಂದೇ ನಿಶ್ಚಯಿಸಿದಳು.

ಹೆಸರಿಡುವ ದಿನ ಶಾಕಾನ ಅಂಗಳದ ತುಂಬ ಜನ. ಶುಭಕಾರ್ಯಕ್ಕೆ ಅಗಿಯಲು ಕೊಡುವ ಕೋಲಾ ಬೀಜ ಹಂಚಿಯಾಗಿತ್ತು. ಅವಳ ಮಗ ಬ್ರೆಹಿಮಾ ತಂತಿ ಮೀಟಿದ. ಸನಾತಾ ಮೂಲಪುರುಷನಿಂದ ಹಿಡಿದು ಒಬ್ಬೊಬ್ಬರನ್ನೇ ಕರೆಯುತ್ತ ಬಂದು, ಶಾಕಾನ ಅಜ್ಜನ ಹೆಸರಾದ ಮೇಲೆ ನೇರವಾಗಿ ಶಾಕಾನ ಹೆಸರು ಹೇಳಿದಳು.

ಪಾಪ ಮುದುಕಿ, ಮರೆತಳು ಎಂದುಕೊಂಡ ಶಾಕಾ ನಗುತ್ತಲೇ ಕೇಳಿದ.

“ಅಮ್ಮಾ, ನಮ್ಮಪ್ಪನ್ನ ಬಿಟ್ಬಿಟ್ರಲ್ಲ?”

“ಬಿಡ್ಲಿಲ್ಲ ತಂಗಾರಾ, ದಾಟ್ದೆ. ದಾರೀಲಿ ಹೇಲು ಕಂಡ್ರೆ ದಾಟ್ಕೊಂಡು ಹೋಗಲ್ವಾ, ಹಂಗೆ.”

ಶಾಕಾ ಅವಳೊಂದಿಗೆ ಜಗಳಕ್ಕೇ ಹೋಗಲಿಲ್ಲ. ಬ್ರೆಹಿಮಾನ ಕಡೆ ತಿರುಗಿದ.

“ನಿಂಗೂ ಮಕ್ಕಳು ಮರಿ ಇದಾವಲ್ವೇನಪ್ಪಾ?”

ಬ್ರೆಹಿಮಾ ತಾಯಿಯ ಮುಖ ನೋಡಲಿಲ್ಲ. ತಂತಿ ಬಿಗಿ ಮಾಡಿಕೊಂಡು ಮೊದಲಿನಿಂದ ಶುರುಮಾಡಿದ. ಮೊನ್ಸೋನನ ಹೆಸರು ಬಂತು, ಆಳು ಹಂಚಿದ ಸಾಲೂ ಬಂತು. ದನಿ ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಎಂದು ಅವಳು ಹೇಗೆ ಕಲಿಸಿದ್ದಳೋ ಹಾಗೆಯೇ ಹಾಡಿದ. ಜನ ಭಲೇ ಎಂದರು. ಮಗ ಇಷ್ಟು ಚೆನ್ನಾಗಿ ಹಾಡಬಲ್ಲನೆಂದು ಸನಾತಾಳಿಗೆ ಅವತ್ತೇ ಗೊತ್ತಾದದ್ದು.