ಕಾಲುಂಗುರದ ಪ್ರಶ್ನೆ

ಎಪ್ಪತ್ತರ ದಶಕದಲ್ಲಿ ಬಳ್ಳಾರಿಯ ಕಾಲೇಜಿನಲ್ಲಿ ನಮಗೆ ಜೀವಶಾಸ್ತ್ರ ಕಲಿಸಿದ ಮೇಷ್ಟ್ರು ಸೀಮೆಸುಣ್ಣವನ್ನು ಕಿವಿಗೆ ಸಿಕ್ಕಿಸಿಕೊಂಡು ಹೇಳುತ್ತಿದ್ದರು: "ವಂಶವಾಹಿಯ ಎಲ್ಲಾ ಬದಲಾವಣೆಗೂ ಅರ್ಥ ಹುಡುಕಬ್ಯಾಡ್ರಿ. ಕೆಲವೊಂದರಿಂದ ಲಾಭನೂ ಇಲ್ಲ, ಲುಕ್ಸಾನೂ ಇಲ್ಲ." ನಾನು ನಂಬುತ್ತಿರಲಿಲ್ಲ.

ಗಾಂಧಿನಗರದ ಅವರ ಮನೆಯ ಮಹಡಿಯಲ್ಲೇ ನಾನು ಬಾಡಿಗೆಗಿದ್ದೆ. ಅವರ ಮಗಳನ್ನು ನೋಡಲು ಕುರುಗೋಡಿನವರು ಬಂದಾಗ ನಾನೂ ಪಡಸಾಲೆಯಲ್ಲಿದ್ದೆ. ಹುಡುಗಿಯ ಎರಡನೆಯ, ಮೂರನೆಯ ಕಾಲ್ಬೆರಳುಗಳು ಹುಟ್ಟಿನಿಂದಲೇ ಕೂಡಿಕೊಂಡಿದ್ದವು. ಸೀರೆ ಇಳಿಬಿಟ್ಟುಕೋ ಎಂದು ತಾಯಿ ಪಿಸುಗುಟ್ಟಿದರು. ಮೇಷ್ಟ್ರು ಮಾತ್ರ ತಮ್ಮ ಕಾಲನ್ನೇ ಬಂದವರ ಮುಂದೆ ಚಾಚಿದರು. ಅವರ ಬೆರಳುಗಳೂ ಕೂಡಿದ್ದವು. ಎಡಗಾಲೋ ಬಲಗಾಲೋ, ನನ್ನ ನೆನಪನ್ನು ನಾನೇ ನಂಬಲಾರೆ.

"ಮಗಳಿಗೆ ನನ್ನಿಂದನ ಬಂದೈತ್ರಿ. ಲಾಭನೂ ಇಲ್ಲ, ಲುಕ್ಸಾನೂ ಇಲ್ಲ."

"ಹಂಗಾರ ಕಾಲುಂಗುರ ಎಲ್ಲಿ ಹಾಕೋದ್ರಿ, ಮೇಷ್ಟ್ರೇ?" ವರನ ತಾಯಿ ಕೇಳಿದರು.

ಮೇಷ್ಟ್ರು ಬಗ್ಗಿ ತಮ್ಮ ಕೂಡಿದ ಬೆರಳುಗಳನ್ನು ಮುಟ್ಟಿ ನೋಡಿಕೊಂಡರು. "ಇದು ನನಗ ಹೊಳಿಲೇ ಇಲ್ಲ ನೋಡ್ರಿ. ಗಂಡಸಿಗೆ ಲುಕ್ಸಾನಿಲ್ಲ, ಹೆಣ್ಣಿಗೆ ಐತಿ. ನಾ ಹೇಳಿದ್ದು ತಪ್ಪಾತು."

ಸಂಬಂಧ ಮುರಿಯಿತೆಂದು ಹುಡುಗಿ ತಲೆ ತಗ್ಗಿಸಿದಳು. ವರನ ತಾಯಿ ನಕ್ಕರು.

"ತಪ್ಪಾತು ಅನ್ನೋ ಬೀಗರು ಎಲ್ಲಿ ಸಿಗ್ತಾರ್ರಿ? ಉಂಗುರ ಬಾಜೂ ಬೆರಳಿಗೆ ಹಾಕಿದ್ರಾತು. ಮೊದ್ಲು ಆ ಕಾಲು ಮಡಚ್ರಿ!"