ಬೆಳ್ಳಕ್ಕಿಗಳ ಬಾಣಂತನ

ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಪಕ್ಕದ ಮನೆಯವಳು ಬಾಗಿಲಲ್ಲೇ ನಿಂತು, "ಅಕ್ಕಾ, ನಿಮ್ಮ ಹಕ್ಕಿ ಸಂಸಾರ ಇವತ್ತಿಗಿ ಮುಗೀತ್ರಿ. ಪಾರ್ಕಿನ ಹುಣಸಿಗಿಡ ಕಡಿಯಾಕ ಬಂದಾರ" ಎಂದಳು. ಹಿಟ್ಟಿನ ಕೈಯಲ್ಲೇ ಎದ್ದು ಹೊರಟೆ.

ಕಾಲುವೆಗೆ ನೀರು ಬರುವ ಮೊದಲು ಭೀಮರಾಯನಗುಡಿಯ ನಮ್ಮ ನೀರಾವರಿ ಕ್ಯಾಂಪಿನಲ್ಲಿ ಕಾಗೆ, ಗುಬ್ಬಿ ಬಿಟ್ಟರೆ ಬೇರೆ ಹಕ್ಕಿ ಕಂಡವಳಲ್ಲ ನಾನು. ಸುತ್ತ ಭತ್ತದ ಗದ್ದೆಗಳಾದವು, ಬೆಳ್ಳಕ್ಕಿ ಬಂದವು. ದಿನಾ ದೇವರ ಪೂಜೆ ಮುಗಿಸಿ ಪಾರ್ಕಿಗೆ ಹೋಗಿ ಆ ಹುಣಸೆಯ ಕೆಳಗೆ ಕತ್ತೆತ್ತಿ ನಿಲ್ಲುತ್ತಿದ್ದೆ. ಗೂಡು ಕಟ್ಟುವ ಕಾಲಕ್ಕೆ ಅವುಗಳ ತಲೆಗೆ ಅರಿಸಿನ ಹಚ್ಚಿದಂಥ ಬಣ್ಣ. ಗಂಡು ಕಡ್ಡಿ ತಂದುಕೊಡುತ್ತದೆ, ಹೆಣ್ಣು ಸಿಕ್ಕಿಸುತ್ತದೆ. ಮರಿಯ ಮೇಲೆ ಬಿಸಿಲು ಬಿದ್ದರೆ ತಾಯಿ ರೆಕ್ಕೆ ಹರಡಿ ನಿಲ್ಲುತ್ತದೆ. ನಮ್ಮ ಸೀಮೆಯ ಬಿಸಿಲಿಗೆ ಅಷ್ಟು ನೆರಳೂ ದೇವರ ದಯೆಯೇ.

ಪಾರ್ಕಿಗೆ ಹೋಗಿ ನೋಡಿದರೆ, ಕೊಡಲಿ ಹಿಡಿದವನು ದೋರನಹಳ್ಳಿಯ ಹುಡುಗ. ಅವನ ಬಸುರಿ ಹೆಂಡತಿಗೆ ಹೋದ ವಾರವಷ್ಟೇ ನಾನು ಬಯಕೆಯ ಊಟ ಉಣಿಸಿದ್ದೆ. ಬಸುರಿಯ ಗಂಡ ಹಸಿ ಮರಕ್ಕೆ ಕೊಡಲಿ ಹಾಕಬಾರದೆಂಬುದು ನಮ್ಮ ಕಡೆಯ ರೂಢಿ.

"ಏ ತಮ್ಮಾ, ಮನ್ಯಾಗ ಬಸುರಿ, ಕೈಯಾಗ ಕೊಡ್ಲಿ! ನಿಮ್ಮವ್ವ ಏನೂ ಹೇಳಿಲ್ಲೇನು?"

ಅವನು ಕೊಡಲಿ ಕೆಳಗಿಟ್ಟ. ಕೆಲಸ ಮಾಡಿಸುತ್ತಿದ್ದ ಸೂಪರ್‌ವೈಜರ್ ಸಿಡುಕಿದ. "ಯಕ್ಕಾ, ದೊಡ್ಡ ಸಾಹೇಬ್ರು ಬರಾಕತ್ಯಾರ. ಬೆಂಚಿನ ಮ್ಯಾಲೆಲ್ಲ ಹೇತಾವ. ಹಕ್ಕಿಗೇನ್ರಿ, ಬ್ಯಾರೆ ಗಿಡ ನೋಡ್ಕೋತಾವ. ನೀವು ಹೋಗಿ ರೊಟ್ಟಿ ಬಡೀರಿ."

"ಹಕ್ಕಿ ನೋಡ್ಕೋತಾವ್ರಿ, ಮರಿಗಿ ಇನ್ನಾ ರೆಕ್ಕಿ ಬಂದಿಲ್ಲ. ಬಾಣಂತಿನ್ನ ಹೊರಗ ಹಾಕೂ ಮನಿತನ ಯಾವುದ್ರಿ? ನಿಮ್ಮ ಮಕ್ಳು ತೊಟ್ಟಿಲದಾಗ ಘಮಘಮ ಅತ್ತರು ಸುರಸ್ತಿದ್ದುವೇನು? ಬೆಂಚು ಸರಸ್ರಿ, ಅವಕ್ಕೇನು ಬೇರು ಬಿಟ್ಟಾವ?"

ಅಷ್ಟರಲ್ಲಿ ಮೇಲಿಂದ ನನ್ನ ಹೆಗಲಿಗೇ ಪಚಕ್ಕನೆ ಬಿತ್ತು. ಕೆಲಸದವರೆಲ್ಲ ನಕ್ಕರು.

"ನೋಡ್ರಿ, ನಿಮ್ಮ ಬಾಣಂತಿ ಕೊಟ್ಟ ಉಡುಗೊರಿ!" ಎಂದ ಸೂಪರ್‌ವೈಜರ್.

"ತಗೊಂಡೀನಿ. ಹಿಂಗ ನಿಂತಿರ್ತೀನಿ."

ಸೆರಗು ಕೂಡ ಒರೆಸಿಕೊಳ್ಳದೆ ಬುಡಕ್ಕೆ ಬೆನ್ನು ಕೊಟ್ಟು ನಿಂತೆ. ಸೂಪರ್‌ವೈಜರ್ ಕೊಡಲಿಯನ್ನು ನೋಡಿದ, ಕೆಲಸದವರನ್ನು ನೋಡಿದ. ಯಾರೂ ಮುಂದೆ ಬರಲಿಲ್ಲ. ಕೊನೆಗೆ ಬೆಂಚುಗಳನ್ನು ಬೇವಿನ ಮರದ ಕೆಳಗೆ ಎಳೆಸಿದ.

"ಮರಿ ಹಾರಿದ ಮ್ಯಾಲ ಕಡ್ಯಾವ್ರ ನಾವು," ಎಂದ.

"ಆವಾಗೂ ಬರ್ತೀನಿ, ಹೋಗ್ರಿ."

ಮನೆಗೆ ಬಂದರೆ, ಪಕ್ಕದವಳು ನನ್ನ ಹಿಟ್ಟು ಒಣಗಲು ಬಿಡದೆ ರೊಟ್ಟಿ ಬಡಿದು ಮುಚ್ಚಿಟ್ಟಿದ್ದಳು. ಗಿಡ ಉಳಿದ ದಿನದ ಇನ್ನೊಂದು ದಯೆ ಅದು. ನಾನು ಬೇರೆ ಸೀರೆ ಸುತ್ತಿಕೊಂಡು, ಕಲೆಯಾದದ್ದನ್ನು ಬಕೆಟಿನಲ್ಲಿ ನೆನೆಸಿ ತಿಕ್ಕಲು ಕುಳಿತೆ.